ಸ್ಪಾಯ್ಲರಿಗೂ ಏರ್‌ಬ್ರೇಕಿಗೂ ಏನು ವ್ಯತ್ಯಾಸ?

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ, ಸೌಟು ಹಿಡಿದುಕೊಂಡೇ ಮಗಳಿಗೆ ಇಂಗ್ಲಿಷ್ ಓದಿ ಹೇಳುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳೆಂಬ ಒಂದೇ ಕಾರಣಕ್ಕೆ ನಮ್ಮ ಮನೆಗೆ ಬರುವ ಇಂಗ್ಲಿಷೆಲ್ಲ, ಕುಕ್ಕರಿನ ಗ್ಯಾರಂಟಿ ಕಾರ್ಡು ಸಹ, ನನ್ನ ಮುಂದೆಯೇ ಬಂದು ನಿಲ್ಲುತ್ತದೆ. ಸಿಸ್ಟರುಗಳು ನಮಗೆ ಕಲಿಸಿದ್ದು ಉಚ್ಚಾರಣೆ. ಅರ್ಥ ತಾನಾಗಿ ಹಿಂದೆ ಬರುತ್ತದೆಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಅಂದು ಬಂದದ್ದು ಗ್ಲೈಡರ್, ಅಂದರೆ ಎಂಜಿನ್ನಿಲ್ಲದ ವಿಮಾನದ ಪುಸ್ತಕ. ಮಗಳು ಸುಮಾ ಹಾಸನದ ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್. ಗ್ಲೈಡರ್ ಹಾರಿಸುವ ಶಿಬಿರಕ್ಕೆ ಕಾಲೇಜಿನಿಂದ ಒಬ್ಬರನ್ನೇ ಆರಿಸುವ ಮೌಖಿಕ ಪರೀಕ್ಷೆ ಅವತ್ತೇ ಇತ್ತು.

"ಅಮ್ಮ, ಸ್ಪಾಯ್ಲರ್‌ಗೂ ಏರ್‌ಬ್ರೇಕ್‌ಗೂ ಏನ್ ವ್ಯತ್ಯಾಸ?"

ಪುಸ್ತಕದಲ್ಲಿ ಎರಡೂ ರೆಕ್ಕೆಯಿಂದ ಮೇಲೇಳುವ ಹಲಗೆಗಳು, ಎರಡೂ ಕೆಳಗಿಳಿಯುವುದಕ್ಕೆ. "ಎರಡೂ ಒಂದೇ ಕಣೇ. ಒಂದು ಅಮೆರಿಕದವರ ಹೆಸರು, ಇನ್ನೊಂದು ಇಂಗ್ಲೆಂಡಿನವರದು."

"ಗ್ಯಾರಂಟೀನಾ?"

"ಉಪ್ಪಿಟ್ಟು ತಿನ್ನು, ಬಸ್ ಹೋಗುತ್ತೆ."

ಅವಳು ಹೋದ ಮೇಲೆ, ಮೇಜಿನ ಮೇಲೆ ಉಳಿದ ಪುಸ್ತಕದ ಹಾಳೆ ತಿರುಗಿಸಿದೆ. ಸ್ಪಾಯ್ಲರ್ ರೆಕ್ಕೆಯ ಮೇಲಿನ ಗಾಳಿಯ ಹರಿವು ಕೆಡಿಸಿ, ಎತ್ತಿ ಹಿಡಿಯುವ ಬಲವನ್ನೇ ಕಸಿಯುತ್ತದಂತೆ. ಏರ್‌ಬ್ರೇಕ್ ಮುಖ್ಯವಾಗಿ ಗಾಳಿಗೆ ಅಡ್ಡ ನಿಂತು ವೇಗ ತಡೆಯುತ್ತದಂತೆ. ಗಾಳಿಪಟಕ್ಕೆ ತೂತು ಬೀಳುವುದು ಬೇರೆ; ಬೇಲೂರಿನ ರಸ್ತೆಯಲ್ಲಿ ಸ್ಕೂಟರಿನ ಹಿಂದೆ ಕೂತು ನಾನು ಕೊಡೆ ಬಿಚ್ಚಿ ಸ್ಕೂಟರು ನಿಧಾನವಾದಾಗ ನಮ್ಮ ಯಜಮಾನರು, "ನೀನು ಇಳ್ದು ನಡ್ಕೊಂಡೇ ಬಂದ್ಬಿಡು," ಎಂದದ್ದು ಬೇರೆ. ಇಷ್ಟು ಒಳ್ಳೆಯ ಉದಾಹರಣೆ ಹೊಳೆಯುವಷ್ಟರಲ್ಲಿ ಬಸ್ಸು ಹಾರನಹಳ್ಳಿ ದಾಟಿರಬೇಕು. ಎಸ್‌ಟಿಡಿ ಬೂತಿಗೆ ಓಡಿದೆ. ಕಾಲೇಜಿನ ಫೋನು ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಯಜಮಾನರು ಸಾರು ಬಿಟ್ಟು ಮಜ್ಜಿಗೆ ಸುರಿದುಕೊಂಡರು.

ಸಂಜೆ ಸುಮಾ ಬಂದು ಬೂಟಿನ ಲೇಸು ಬಿಚ್ಚುತ್ತ, "ಅದನ್ನೇ ಕೇಳಿದ್ರು," ಎಂದಳು.

"ಏನಂದೆ?"

"ಎರಡೂ ಒಂದೇ ಅಂದೆ. ಅಮೆರಿಕ, ಇಂಗ್ಲೆಂಡೂ ಹೇಳ್ದೆ. ನಕ್ಕರು. ಬೇರೆ ಹುಡುಗೀನ ಆರಿಸಿದ್ರು."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಟೋಪಿಯ ಬಿಲ್ಲೆಯನ್ನು ನಾಜೂಕಾಗಿ ಒರೆಸಿ, ಟೋಪಿಯನ್ನು ಬೀರುವಿನ ಮೇಲ್ಗಡೆ, ಕೈಗೆಟುಕದ ಕಡೆ ಇಟ್ಟು, ಮುಖ ತೊಳೆಯಲು ಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಆಗಲೇ ಪಕ್ಕದ ಮನೆಯ ಪುಟ್ಟತಾಯಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ನನ್ನ ಮುಖ ನೋಡಿ ಏನಾಯಿತೆಂದರು, ಎಲ್ಲವನ್ನೂ ಹೇಳಿಕೊಂಡೆ. ಅವರು ಬಟ್ಟಲನ್ನು ನನ್ನ ಸೌಟಿನ ಕೆಳಗೆ ಹಿಡಿದರು.

"ಬಿಡ್ರಿ ಅತ್ಲಾಗೆ. ಹೆಣ್ಮಕ್ಳು ಎತ್ತರಕ್ಕೋಗ್ದಂಗೆ ನಾವು ಬೈದು ತಡೀತೀವಿ, ನೀವು ಪಾಠ ಹೇಳಿ ತಡೆದ್ರಿ, ಅಷ್ಟೇಯ. ಇನ್ನೊಂದ್ ಒಸಿ ಹಾಕಿ."