ಭುಂಗಾ ಹೊಕ್ಕ ಬಾಗಿಲು

ಬೀದರಿನ ಕೋಟೆಯನ್ನು ಒಂದು ಕಾಲದಲ್ಲಿ ಎಷ್ಟು ಸಿಪಾಯಿಗಳು ಕಾಯುತ್ತಿದ್ದರೋ ನನಗೆ ಗೊತ್ತಿಲ್ಲ. ಆದರೆ ಹೋದ ಬೇಸಿಗೆಯವರೆಗೆ ಬೀದರಿನಲ್ಲಿ ಒಂದೇ ಒಂದು ಬಾಗಿಲನ್ನು ಹಗಲಿಡೀ ಕಾಯುತ್ತಿದ್ದ ಸಿಪಾಯಿ ಯಾರಾದರೂ ಇದ್ದರೆ ಅವರು ನಮ್ಮ ಕಾಕಾ, ನಮ್ಮಪ್ಪನ ತಮ್ಮ! ಕೈಯಲ್ಲಿ ಮಗಳ ಹಳೆಯ ಬ್ಯಾಡ್ಮಿಂಟನ್ ಬ್ಯಾಟು, ಕೊರಳಲ್ಲಿ ಸೀಟಿ. ಎದುರಾಳಿ ಯಾರು ಅಂದಿರಿ? ಹೆಬ್ಬೆರಳ ತುದಿಯಷ್ಟಿರುವ ಕರಿ ದುಂಬಿ. ಒಣ ಕಟ್ಟಿಗೆಯನ್ನು ಗುಂಡಗೆ ಕೊರೆದು ಒಳಗೆ ಸಂಸಾರ ಹೂಡುವ ಈ ದುಂಬಿಗೆ ನಮ್ಮ ಕಡೆ ಭುಂಗಾ ಅನ್ನುತ್ತಾರೆ. ಮೂರು ವರ್ಷ ಯುದ್ಧ ನಡೆಯಿತು. ಭುಂಗಾದ ಕಡೆ ಒಂದು ಸಾವೂ ಆಗಲಿಲ್ಲ. ನಮ್ಮ ಕಡೆ ಮಾತ್ರ ಎರಡು ಟ್ಯೂಬ್‌ಲೈಟು, ಒಂದು ಗೋಡೆ ಗಡಿಯಾರ ಮತ್ತು ಕಾಕಾನ ಹೆಂಡತಿ, ನಮ್ಮ ಕಾಕುವಿನ ತಾಳ್ಮೆ ಹೋದವು.

ಸೀಟಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಕಾಕಾ ಬೀದರ–ಭಾಲ್ಕಿ–ಔರಾದ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ದಿನ ಉಳಿದದ್ದನ್ನೆಲ್ಲ ಒಪ್ಪಿಸಿ ಬಂದರು, ಸೀಟಿಯನ್ನು ಮಾತ್ರ ಕೊರಳಲ್ಲೇ ತಂದರು. ಒಂದು ಸೀಟಿ ಅಂದರೆ ನಿಲ್ಲು, ಎರಡು ಸೀಟಿ ಅಂದರೆ ಹೊರಡು. ಇಡೀ ಜಗತ್ತು ಈ ಎರಡು ಕಾನೂನಿನ ಮೇಲೆ ನಡೆಯುತ್ತದೆ ಎಂದು ಅವರ ನಂಬಿಕೆ. ಭುಂಗಾ ಬಂದು ಮೂಗಿನ ಮುಂದೆ ಗುಂಯ್ ಎಂದು ತೇಲುತ್ತ ನಿಂತರೆ ಕಾಕಾ ಒಂದು ಸೀಟಿ ಊದುತ್ತಿದ್ದರು. ಭುಂಗಾ ಹೇಗೂ ನಿಂತೇ ಇರುತ್ತಿತ್ತು. ಆಮೇಲೆ ಎರಡು ಸೀಟಿ. ಅದು ಹೊರಡುತ್ತಿತ್ತು, ಸೀದಾ ಬಾಗಿಲೊಳಗೆ!

ಇಷ್ಟಕ್ಕೂ ಆ ಬಾಗಿಲು ಎಂಥದ್ದು? ಔರಾದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಒಂದು ದೊಡ್ಡ ವಾಡೆ, ಅಂದರೆ ಊರ ದೊಡ್ಡವರ ಕೋಟೆಯಂಥ ಮನೆ, ಇತ್ತು. ನಮ್ಮ ಆಯಿ, ಅಂದರೆ ಕಾಕಾನ ತಾಯಿ, ಹರೆಯದಲ್ಲಿ ಆ ವಾಡೆಯ ಅಂಗಳ ಗುಡಿಸುತ್ತಿದ್ದಳು. ಅಂಗಳದವರೆಗೆ ಮಾತ್ರ. ಬಾಗಿಲು ಹತ್ತಿರ ಬಂದಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು, ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಹೊಸ್ತಿಲು ದಾಟುವ ಮಾತು ನಮ್ಮ ಓಣಿಯ ಯಾರಿಗೂ ಇರಲಿಲ್ಲ. ಮುಂದೆ ವಾಡೆಯ ಮಂದಿ ಊರು ಬಿಟ್ಟರು, ಮಾಳಿಗೆ ಕುಸಿಯಿತು, ಕಟ್ಟಿಗೆ ಮಾರಾಟಕ್ಕೆ ಬಂತು. ತೊಲೆ, ಕಂಬ, ಜಂತಿಗಳನ್ನು ಬೇರೆ ಬೇರೆಯವರು ಒಯ್ದರು. ಕಾಕಾ ಹೋಗಿ ತಲೆಬಾಗಿಲನ್ನು ಚೌಕಟ್ಟು, ಕದ, ಹೊಸ್ತಿಲು ಸಮೇತ ಟ್ರ್ಯಾಕ್ಟರಿಗೆ ಹೇರಿಸಿ ಬೀದರಿಗೆ ತಂದುಬಿಟ್ಟರು!

ಜನ ಮನೆ ಕಟ್ಟಿಸಿ ಬಾಗಿಲು ಕೂಡಿಸುತ್ತಾರೆ. ಕಾಕಾ ಬಾಗಿಲು ತಂದು ಅದಕ್ಕೊಂದು ಮನೆ ಕಟ್ಟಿಸಿದರು. ಕಾಲೊನಿಯ ಎರಡು ಕೋಣೆಯ ಮನೆಗೆ ಆನೆ ಹೋಗುವಂಥ ಬಾಗಿಲು. ಅಂಚೆಯವನು ಮೊದಲ ಸಲ ಬಂದಾಗ ಇದು ಕಲ್ಯಾಣ ಮಂಟಪವೇನ್ರಿ ಎಂದು ಕೇಳಿ ಹೋದ. ಇಷ್ಟೆಲ್ಲ ಸಾಹಸದ ನಂತರ ಗೃಹಪ್ರವೇಶದ ದಿನ ಏನಾಯಿತು ಗೊತ್ತೇ? ಆಯಿ ಬಾಗಿಲನ್ನು ಒಮ್ಮೆ ನೋಡಿದಳು, ಸೆರಗು ತಲೆಗೆ ಎಳೆದುಕೊಂಡಳು, ಮನೆ ಸುತ್ತಿ ಹೋಗಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು.

"ಯವ್ವಾ, ಮುಂದಿಂದ ಬಾ. ಮನಿ ನಿಂದೇ ಅದ" ಎಂದರು ಕಾಕಾ.

"ಹೊಸ್ತಿಲಾ ಎತ್ತರ ಅದೋ, ಮೊಣಕಾಲ ನೋಯ್ತದ."

ಮರುದಿನ ಬಿಸಿಲು ಕಣ್ಣಿಗೆ ಹೊಡೆಯಿತು. ಅದರ ಮರುದಿನ ಹಿತ್ತಲಲ್ಲಿ ಕೋಳಿ ನೋಡುವುದಿತ್ತು. ಆ ಮನೆಯಲ್ಲಿ ಕೋಳಿಯೇ ಇಲ್ಲ! ಹೀಗೆ ಮೂರು ವರ್ಷ ಆಯಿ ಒಂದು ದಿನವೂ ಮುಂಬಾಗಿಲಿನಿಂದ ಒಳಗೆ ಬರಲಿಲ್ಲ. ಬಂದದ್ದು ಭುಂಗಾ ಮಾತ್ರ.

ಕಾಕಾನ ಔಷಧಿಗಳ ಪಟ್ಟಿ ದೊಡ್ಡದು. ಬೇವಿನ ಎಣ್ಣೆ ಹಚ್ಚಿದರು, ಹಿಂಗಿನ ನೀರು ಚಿಮುಕಿಸಿದರು. ಯಾರೋ ಹೇಳಿದರೆಂದು ಚೌಕಟ್ಟಿಗೆ ರೇಡಿಯೋ ತೂಗುಹಾಕಿ ಮುಂಜಾನೆಯಿಂದ ಕೃಷಿ ವಾರ್ತೆ ಕೇಳಿಸಿದರು. ಭುಂಗಾ ಕೃಷಿಯಲ್ಲಿ ಆಸಕ್ತಿ ತೋರಿಸಲಿಲ್ಲ. ಕೊನೆಗೆ ಗ್ಯಾರೇಜಿನಿಂದ ಗಾಡಿಯ ಸುಟ್ಟ ಆಯಿಲ್ ತಂದು ಇಡೀ ಚೌಕಟ್ಟಿಗೆ ಬಳಿದರು. ಬಳಿಯಲು ಆರಿಸಿಕೊಂಡ ದಿನ ಯಾವುದು? ಮಗಳನ್ನು ನೋಡಲು ಭಾಲ್ಕಿಯಿಂದ ಗಂಡಿನ ಕಡೆಯವರು ಬರುವ ದಿನ!

ಹುಡುಗನ ತಂದೆ ಬಿಳಿ ಅಂಗಿ ತೊಟ್ಟು ಬಂದರು. ಬೂಟು ಬಿಚ್ಚಲು ಚೌಕಟ್ಟಿಗೆ ಕೈಯೂರಿದರು. ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡರು. ನಾವು ನಗು ತಡೆಯುವಷ್ಟರಲ್ಲಿ ಭುಂಗಾ ಗುಂಯ್ ಎಂದಿತು, ಕಾಕಾ ಅಭ್ಯಾಸಬಲದಿಂದ ಒಂದು ಸೀಟಿ ಊದಿದರು. ಭುಂಗಾ ನಿಲ್ಲಲಿಲ್ಲ, ಬೀಗರು ನಿಂತುಬಿಟ್ಟರು! ಪಾಪ, ಜನ್ಮವಿಡೀ ಬಸ್ಸಿನಲ್ಲಿ ಓಡಾಡಿದವರು. ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ, ಮುಖದ ಅರ್ಧ ಕಪ್ಪು.

"ಬರ್ರಿ, ಬರ್ರಿ, ನಿಮಗಲ್ರಿ ಅದು" ಎಂದು ಕಾಕು ಬಾಯಿ ಬಡಿದುಕೊಂಡಳು.

ಸಂಬಂಧ ಮುರಿಯಿತು ಅಂದುಕೊಂಡೆವು. ಆದರೆ ಹುಡುಗ, ಇಂಥ ಮಾವ ಇದ್ದ ಮನೆಯಲ್ಲಿ ಟಿ.ವಿ. ಬೇಕಾಗುವುದಿಲ್ಲ ಎಂದು ಅಲ್ಲೇ ಒಪ್ಪಿದ. ಮದುವೆಯೂ ಆಯಿತು.

ಇನ್ನು ಕಾಕಾನ ಬುದ್ಧಿವಂತಿಕೆಯ ಮಾತು. ತೂತು ಮುಚ್ಚಿದರೆ ಭುಂಗಾ ಬರುವುದಿಲ್ಲ ಎಂದು ಅವರಿಗೆ ಹೊಳೆಯಿತು. ಮುಚ್ಚಿದ್ದು ಯಾವಾಗ? ಸಂಜೆ, ಭುಂಗಾಗಳೆಲ್ಲ ಮನೆಗೆ ಬಂದ ಮೇಲೆ! ಸಿಮೆಂಟು ಕಲಸಿ ಮೂರು ತೂತು ಮುಚ್ಚಿ ಮೀಸೆ ತಿರುವಿದರು. ಒಳಗೆ ಸಿಕ್ಕಿಕೊಂಡ ಭುಂಗಾ ಅಲ್ಲೇ ಕೂತು ಅಳುತ್ತದೆಯೇ? ಮಗ್ಗುಲಲ್ಲಿ ಹೊಸ ದಾರಿ ಕೊರೆದು ಹೊರಬಂತು. ವಾರದಲ್ಲಿ ಮೂರು ಹೋಗಿ ಏಳಾದವು. ಏಳೂ ಮುಚ್ಚಿದರು. ಅದರ ಮುಂದಿನ ಲೆಕ್ಕ ಕೇಳಬೇಡಿ.

ಅಂಗಳದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಆಯಿ ಮಾತ್ರ ಸದಾ ಭುಂಗಾದ ಪಕ್ಷ.

"ತಿನ್ಲಿ ಬಿಡೋ. ನನಕಿನ್ನ ಅದಕ್ಕ ಧೈರ್ಯ ಜಾಸ್ತಿ ಅದ. ಯಾರಿಗೂ ಕೇಳಲ್ದೆ ಸೀದಾ ಒಳಗ ಹೋಗ್ತದ."

ಕಾಕಾನ ಮುಖ ಸಪ್ಪಗಾಗುತ್ತಿತ್ತು. ನಾನು ಮಾತ್ರ ಜೋರಾಗಿ ನಗುತ್ತಿದ್ದೆ. ನಗಬಾರದಿತ್ತು ಎಂದು ಈಗ ಅನಿಸುತ್ತದೆ.

ಕಾಕು ತಡೆಯಲಾರದೆ ಭಾಲ್ಕಿಯಿಂದ ಹಳೆಯ ಬಡಿಗನೊಬ್ಬನನ್ನು ಕರೆಸಿದಳು. ಅವನು ಬಾಗಿಲಿಗೆ ಕಿವಿ ಹಚ್ಚಿ ಡಾಕ್ಟರನ ಗತ್ತಿನಲ್ಲಿ ಕೇಳಿದ, ಬೆರಳಿನಿಂದ ಬಡಿದ.

"ಸಾಗವಾನಿ ಗಟ್ಟಿ ಅದರಿ, ಇನ್ನಾ ಕೆಟ್ಟಿಲ್ಲ. ಹುಳಾ ಹೊರಗ ಹೋದ ಮ್ಯಾಲ ತೂತಿನಾಗ ಕಟ್ಟಿಗಿ ಬಡದು ಮುಚ್ಚರಿ. ಎಣ್ಣಿ ಬಣ್ಣಾ ಎರಡು ಕೈ ಹೊಡೀರಿ. ಬಣ್ಣದ ಕಟ್ಟಿಗಿಗಿ ಭುಂಗಾ ಬಾಯಿ ಹಾಕಂಗಿಲ್ಲ."

"ಬಣ್ಣಾ ಬ್ಯಾಡ" ಎಂದರು ಕಾಕಾ.

"ಯಾಕ್ರಿ?"

"ಗುರ್ತು ಸಿಗಂಗಿಲ್ಲ."

"ಯಾರಿಗ್ರಿ? ಭುಂಗಾಕ್ಕ?"

ಬಡಿಗ ಚಹಾ ಕುಡಿದು, ಕಾಕುವನ್ನು ಮರುಕದಿಂದ ನೋಡಿ ಬಸ್ಸಿಗೆ ಹೋದ. ನಾನು ಬಿಡಲಿಲ್ಲ. "ಕಾಕಾ, ಒಂದು ಡಬ್ಬಿ ಬಣ್ಣದ ಕೆಲಸಕ್ಕ ಮೂರು ವರ್ಷ ಬ್ಯಾಟ್ ಬೀಸ್ಲತ್ತೀರಿ. ತಲಿ ಸರಿ ಅದ ಇಲ್ರಿ?" ಎಂದೆ.

ಕಾಕಾ ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು. "ಬಣ್ಣಾ ಹಚ್ಚಿದ್ರ ಇದು ಯಾವ್ದೋ ಒಂದು ಬಾಗಲಾ ಆಗ್ತದವಾ. ಅವ್ವ ಅದರಾಗಿಂದ ಬಂದ್ರ ಏನ್ ಬಂದಂಗ? ಅದೇ ಕಟ್ಟಿಗಿ, ಅದೇ ಹೊಸ್ತಿಲಾ ಇರಬೇಕು. ಅಕಿ ಒಮ್ಮಿ ದಾಟ್ಲಿ. ಆಮ್ಯಾಲ ನೀ ಹಸರು ಹಚ್ಚು, ಹಳದಿ ಹಚ್ಚು, ನಾ ಕೇಳಲ್ಲ. ಅಲ್ಲೀ ತನಕ ಇದು ನಿಂದರಬೇಕು."

ಆಯಿಗೆ ಎಂಬತ್ತು ದಾಟಿತ್ತು. ಬಾಗಿಲಲ್ಲಿ ತೂತು ಹೆಚ್ಚುತ್ತಿದ್ದವು. ಯಾವುದು ಎಷ್ಟು ದಿನ ನಿಲ್ಲುತ್ತದೆ ಎಂದು ಹೇಳುವವರು ಯಾರು?

ಅದಾದ ಮೇಲೆ ನಾನೂ ಕಾಕಾನ ಸೈನ್ಯಕ್ಕೆ ಸೇರಿದೆ. ಹೋದ ಬೇಸಿಗೆಯಲ್ಲಿ ಒಂದು ಮುಂಜಾನೆ ಕಾಕಾ ಒಳಗಿನಿಂದ ಸ್ಟೂಲು ಹತ್ತಿ ಚೌಕಟ್ಟಿನ ಮೇಲಿನ ತೂತುಗಳಿಗೆ ಕಟ್ಟಿಗೆಯ ಬೆಣೆ ಬಡಿಯುತ್ತಿದ್ದರು. ಸ್ಟೂಲು ಹಿಡಿಯುವ ಜವಾಬ್ದಾರಿ ನನ್ನದು. ಆಯಿ ಹೊರಗೆ ಅಂಗಳದಲ್ಲಿ ತೊಗರಿಬೇಳೆ ಬಿಸಿಲಿಗೆ ಹರವುತ್ತಿದ್ದಳು. ಆಗ ಒಂದು ಭುಂಗಾ ತೂತಿನಿಂದ ಹೊರಬಿದ್ದು ನೇರ ನನ್ನ ಮುಖಕ್ಕೆ ಬಂತು. ನಾನು ವೀರವನಿತೆ ಎಂದು ನಿಮಗೆ ಯಾವಾಗಲಾದರೂ ಹೇಳಿದ್ದೇನೆಯೇ? ಎರಡೂ ಕೈ ಬಿಟ್ಟು ಚೀರಿದೆ. ಸ್ಟೂಲು ಒಂದು ಕಡೆ, ಸುತ್ತಿಗೆ ಒಂದು ಕಡೆ, ಕಾಕಾ ದಡ್ ಎಂದು ನೆಲದ ಮೇಲೆ!

"ಏನಾಯ್ತೋ ನನ್ನ ಮಗನಾ!"

ಬೇಳೆಯ ಮೊರ ಬಿದ್ದ ಸದ್ದು ಕೇಳಿತು. ತಿರುಗಿ ನೋಡುವುದರೊಳಗೆ ಆಯಿ ಕಾಕಾನ ಪಕ್ಕ ಕೂತು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಮುದುಕ ಆಗಿದಿ, ಮಂಗ್ಯಾನಂಗ ಮ್ಯಾಲ ಹತ್ತತೀದಿ. ಎಲ್ಲಿ ಪೆಟ್ಟ ಹತ್ತ್ಯದ ಹೇಳು, ಕಾಲ ಹಂದಾಡಸು" ಎಂದು ಬೈಯುತ್ತ ಮೈಯೆಲ್ಲ ತಡವಿದಳು. ಕಾಲು ನೆಟ್ಟಗಿತ್ತು. ಆದರೆ ಕಾಕಾ ಗಳಗಳ ಅಳುತ್ತಿದ್ದರು. ಅವರ ಕಣ್ಣು ಆಯಿಯ ಬೆನ್ನ ಹಿಂದೆ ನೆಟ್ಟಿತ್ತು. ನಾನೂ ಆ ಕಡೆ ನೋಡಿದೆ. ಹೊಸ್ತಿಲ ಮೇಲೆ ಆಯಿಯ ಒಂದು ಚಪ್ಪಲಿ ಅಡ್ಡ ಬಿದ್ದಿತ್ತು. ಇನ್ನೊಂದು ಅವಳ ಕಾಲಲ್ಲೇ ಇತ್ತು.

"ಯವ್ವಾ, ಚಪ್ಪಲ್ ಹಾಕ್ಕೊಂಡೇ ಬಂದಿ" ಎಂದರು ಕಾಕಾ.

ಆಯಿ ಹೊರಳಿ ನೋಡಿದಳು. ತುಂಬ ಹೊತ್ತು ನೋಡಿದಳು. ಕೈ ತಾನಾಗಿಯೇ ತಲೆಯ ಸೆರಗಿಗೆ ಹೋಯಿತು. ಸೆರಗು ಓಡುವಾಗಲೇ ಜಾರಿತ್ತು. ಎಳೆದುಕೊಳ್ಳಲು ಹೋದವಳು ಅಲ್ಲಿಗೇ ಬಿಟ್ಟಳು.

"ಬಂದ್ರ ಏನಾಯ್ತು? ನನ್ನ ಮಗನ ಮನಿ" ಎಂದಳು. ಮಗನ ಕಣ್ಣು ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನರ ಇದಕ್ಕ ಬಣ್ಣಾ ಹಚ್ಚರಿ. ಆ ಹುಳದ ಕಾಟಕ್ಕ ನನ್ನ ಮಗ ಸತ್ತಿದ್ದಾ ಇವತ್ತ" ಎಂದಳು.

ನಾನು ಅವತ್ತು ಅತ್ತಷ್ಟು ನನ್ನ ಮದುವೆಯಲ್ಲೂ ಅತ್ತಿಲ್ಲ.

ಭಾಲ್ಕಿಯ ಬಡಿಗ ಮತ್ತೆ ಬಂದ. ಖಾಲಿಯಾದ ತೂತುಗಳಿಗೆ ಬೆಣೆ ಬಡಿದ, ಮರಳುಕಾಗದ ಉಜ್ಜಿದ. ಬಣ್ಣವನ್ನು ಆಯಿಯೇ ಆರಿಸಿದಳು, ಕಡು ನೀಲಿ. ಎರಡು ಕೈ ಹೊಡೆದ ಮೇಲೆ ಭುಂಗಾಗಳು ಒಂದೆರಡು ದಿನ ಗುಂಯ್ ಎಂದು ಬಾಗಿಲ ಸುತ್ತ ಹಾರಾಡಿ, ಹಿತ್ತಲಿನ ಒಣ ನುಗ್ಗೆಯ ಕೊರಡಿಗೆ ಸಂಸಾರ ಸಾಗಿಸಿದವು. ಬ್ಯಾಡ್ಮಿಂಟನ್ ಬ್ಯಾಟು ಅಟ್ಟ ಸೇರಿತು.

ಸೀಟಿ ಮಾತ್ರ ಕೊರಳಲ್ಲೇ ಇದೆ. ಈಗ ಆಯಿ ಕೆಲಸವಿದ್ದರೂ ಇಲ್ಲದಿದ್ದರೂ ದಿನಕ್ಕೆ ಹತ್ತು ಸಲ ಮುಂಬಾಗಿಲಿನಿಂದ ಒಳಗೆ ಬರುತ್ತಾಳೆ. ಮೊಣಕಾಲು ನೋವು ಎಲ್ಲಿ ಹೋಯಿತೋ! ಅವಳು ಹೊಸ್ತಿಲ ಹತ್ತಿರ ಬಂದ ಕೂಡಲೇ ಕಾಕಾ ಎಲ್ಲಿ ಕೂತಿದ್ದರೂ ಎದ್ದು ನಿಲ್ಲುತ್ತಾರೆ, ಎರಡು ಸೀಟಿ ಊದುತ್ತಾರೆ.