ಎಣಿಸದೆ ಎಣಿಸಿದ ಕುರಿಗಳು

ಗಣಿತಕ್ಕೆ ಹೆದರಿ ಪ್ರಾಣಿಶಾಸ್ತ್ರ ಓದಿದವರು ಲೋಕದಲ್ಲಿ ಬಹಳ ಜನ ಇದ್ದಾರೆ, ಒಪ್ಪಿಕೊಳ್ಳುವವರು ಕಡಿಮೆ. ನಾನು ಒಪ್ಪಿಕೊಳ್ಳುತ್ತೇನೆ. ಕಪ್ಪೆಯ ಹೃದಯಕ್ಕೆ ಮೂರು ಕೋಣೆ ಎನ್ನುವಷ್ಟು ಲೆಕ್ಕದಲ್ಲೇ ತಾಂಡೂರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷ ನೆಮ್ಮದಿಯಾಗಿ ಪಾಠ ಮಾಡಿದೆ. ಅಷ್ಟರಲ್ಲಿ ಪಠ್ಯಕ್ರಮ ಸುಧಾರಣೆಯಾಯಿತು. ಪದವಿ ತರಗತಿಗೆ ‘ಗಣಿತ ಜೀವಶಾಸ್ತ್ರ’ ಎಂಬ ಹೊಸ ವಿಷಯ ಬಂತು. ಅದನ್ನು ನಾನೂ ಗಣಿತದ ಶಿವಲೀಲಾ ಮೇಡಂ ಅವರೂ ಜೊತೆಯಾಗಿ ಕಲಿಸಬೇಕಂತೆ. ಅವರು ಹಲ್ಲಿ ಕಂಡರೆ ಬೆಂಚು ಹತ್ತುವವರು, ನಾನು ಭಿನ್ನರಾಶಿ ಕಂಡರೆ ಬೆವರುವವನು. ಒಳ್ಳೆಯ ಜೋಡಿ.

ಮೊದಲ ಪ್ರಯೋಗಕ್ಕೆ ತರಗತಿಯನ್ನು ಪೆದ್ದೆಮುಲ್ ಕಡೆಯ ಹಳ್ಳಿಗೆ, ನಮ್ಮ ವಿದ್ಯಾರ್ಥಿನಿ ರೇಣುಕಾಳ ಮನೆಗೆ ಕರೆದೊಯ್ದೆವು. ಅವರದು ದೊಡ್ಡ ಕುರಿಮಂದೆ. ಕುರಿ ಎಷ್ಟಿವೆ ಎಂದು ನಾನು ಕೇಳಿದ್ದೇ ತಡ, ಅವಳ ತಾಯಿ ಮಾಳಮ್ಮ ಕೈ ಅಡ್ಡ ಮಾಡಿದರು.

“ಹಂಗ ಎಣಸಬಾರದ್ರಿ ಸರ್, ನೆದರ ಆಗ್ತದ, ಕೆಟ್ಟ ಕಣ್ಣು ಬೀಳ್ತದ. ಹೊರಗ ಬಾಯಿ ಬಿಡಬ್ಯಾಡಂತ ಮಗಳಿಗೂ ತಾಕೀತ್ ಮಾಡೀನಿ.”

“ಕುರಿ ಎಣಸೋದಿಲ್ರಿ ಅಮ್ಮಾ,” ಎಂದರು ಮೇಡಂ. “ಇಪ್ಪತ್ತು ಕುರಿಗಿ ಕೆಮ್ಮಣ್ಣು ಹಚ್ಚಿ ಬಿಡತೀವಿ, ಅಷ್ಟ.”

ಹಚ್ಚುವುದು ಪ್ರಾಣಿಶಾಸ್ತ್ರದ ಕೆಲಸವೆಂದು ಎಲ್ಲರೂ ನನ್ನತ್ತ ನೋಡಿದರು. ಇಪ್ಪತ್ತು ಮುಗಿಯುವಷ್ಟರಲ್ಲಿ ಕುರಿಗಳಿಗಿಂತ ನನ್ನ ಮೈಮೇಲೇ ಹೆಚ್ಚು ಕೆಮ್ಮಣ್ಣಿತ್ತು. ಒಂದು ಟಗರಂತೂ ನನ್ನನ್ನು ಎರಡು ಸಲ ಮಲಗಿಸಿತು.

ಮರುದಿನ ಮಂದೆಯೆಲ್ಲ ಬೆರೆತು ಮೇಯುತ್ತಿದ್ದಾಗ, ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬಿದ್ದ ಮೂವತ್ತು ಕುರಿ ನೋಡಿದೆವು. ನಾಲ್ಕರ ಬೆನ್ನು ಮಾತ್ರ ಕೆಂಪಾಗಿತ್ತು. ಮೇಡಂ ಕಡ್ಡಿಯಿಂದ ನೆಲದ ಮೇಲೆ ಗೀಚಿದರು. “ಮೂವತ್ತರಾಗ ನಾಕು ಕೆಂಪು. ನಾವು ಹಚ್ಚಿದ್ದು ಇಪ್ಪತ್ತು, ಅಂದ್ರ ನಾಕರ ಐದು ಪಟ್ಟು. ಹಂಗಾದ್ರ ಎಲ್ಲಾ ಕುರಿ ಸೇರಿ ಮೂವತ್ತರ ಐದು ಪಟ್ಟು. ಹತ್ತಿರ ಹತ್ತಿರ ನೂರೈವತ್ತು.”

ಮಾಳಮ್ಮನ ಮುಖ ಗಂಟಾಯಿತು. ಮಗಳತ್ತ ತಿರುಗಿ, “ನೀ ಹೇಳಿದೇನ?” ಎಂದು ಗದರಿದರು.

“ಇಲ್ಲವ್ವ, ನಿನ್ನಾಣಿ!” ರೇಣುಕಾಳ ಕಣ್ಣು ತುಂಬಿತ್ತು. “ಲೆಕ್ಕಾನೇ ಹೇಳ್ಯದ.”

“ಲೆಕ್ಕಕ್ಕ ಹ್ಯಾಂಗ ಗೊತ್ತಾತು? ಬರೇ ಎರಡು ಹೆಚ್ಚು ಹೇಳ್ಯದ!” ಎಂದವರೇ ಬಾಯಿಗೆ ಸೆರಗು ಒತ್ತಿಕೊಂಡರು.

ನನಗೆ ಮೈ ಜುಮ್ಮೆಂದಿತು. ಮುಟ್ಟದ, ಎಣಿಸದ ನೂರಕ್ಕೂ ಹೆಚ್ಚು ಕುರಿಗಳನ್ನು ಮೂರು ಸಂಖ್ಯೆಗಳು ಕರೆತಂದು ಎದುರಿಗೆ ನಿಲ್ಲಿಸಿದ್ದವು! ಕೆರೆಯ ಮೀನನ್ನೂ ಹೀಗೇ ಅಂದಾಜು ಮಾಡಬಹುದು ಎಂದು ಮೇಡಂ ಹೇಳುತ್ತಿದ್ದರೆ, ಇಷ್ಟು ವರ್ಷ ಇಂಥದ್ದಕ್ಕೆ ಬೆನ್ನು ತಿರುಗಿಸಿ ಕೂತಿದ್ದೆನಲ್ಲ ಎನಿಸಿತು. “ಇನ್ನೊಮ್ಮೆ ಹೇಳ್ರಿ ಮೇಡಂ” ಎಂದುಬಿಟ್ಟೆ, ವಿದ್ಯಾರ್ಥಿಗಳ ಎದುರಿಗೇ.

ಮಾಳಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಕೆನ್ನೆ ಒರೆಸಿದರು. “ಮೇಡಂ ಲೆಕ್ಕ ಕಲಸ್ತಾರ, ಖರೇ. ಈ ಸರ್ ಏನ್ ಕಲಸ್ತಾರ?”

“ಪ್ರಾಣಿಗಳ ಬಗ್ಗೆ, ಅವ್ವ.”

ಟಗರಿನಿಂದ ಹತ್ತು ಮಾರು ದೂರದಲ್ಲಿ ನಿಂತಿದ್ದ ನನ್ನನ್ನು ಮಾಳಮ್ಮ ಕನಿಕರದಿಂದ ನೋಡಿದರು. “ಎಂಟು ದಿನ ಇವರನ್ನ ಇಲ್ಲೇ ಬಿಟ್ಟು ಹೋಗ್ರಿ ಮೇಡಂ. ಕಲಿಸಿ ಕಳಸ್ತೀನಿ.”