ಮಾವನ ಮೊಬೈಲಿಗೆ ಸಿಕ್ಕ ಒಂದು ಗುಂಟೆ

ನಮ್ಮ ಸೋದರಮಾವ ಐದು ನಿಮಿಷ ಒಂದೇ ಕಡೆ ನಿಂತದ್ದನ್ನು ನೋಡಿದವರು ತುಮಕೂರಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ನನ್ನ ಕಡೆಯಿಂದ ಒಂದು ಮಸಾಲೆದೋಸೆ! ಮೇಷ್ಟ್ರಾಗಿದ್ದು ನಿವೃತ್ತರಾದರು, ನಿಜ. ಆದರೆ ಕಾಲಿಗೆ ನಿವೃತ್ತಿ ಎಲ್ಲಿದೆ? ಮೊದಲೇ ಕಾಲಿಗೆ ಚಕ್ರ ಕಟ್ಟಿಕೊಂಡವರು. ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು ಅವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಅದನ್ನು ಹಿಡಿದು ಯಾವುದೇ ಜಾಗವನ್ನು ಒಂದು ಸುತ್ತು ಬಂದರೆ ಸಾಕು, ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಹೇಳಿಬಿಡುತ್ತದಂತೆ.

ಅಲ್ಲಿಂದ ಶುರುವಾಯಿತು. ಕುಣಿಗಲ್ಲಿನ ಮದುವೆಯೊಂದರಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಮಾವ ಮೊಬೈಲು ಹಿಡಿದು ಛತ್ರ ಸುತ್ತಲು ಹೊರಟರು. ಅಡುಗೆಯವರು ಯಾವುದೋ ಇಲಾಖೆಯ ತಪಾಸಣೆ ಎಂದು ಹೆದರಿ ಬಿಸಿ ಒಬ್ಬಟ್ಟು ಕೊಟ್ಟರು. ಇವರು ಅದನ್ನು ಬಾಯಿಗಿಟ್ಟುಕೊಂಡು ಗಂಭೀರವಾಗಿ "ಹದಿನೆಂಟು ಗುಂಟೆ" ಎಂದರು. ಅವರು ಓಡಿಹೋಗಿ ತುಪ್ಪವನ್ನೂ ತಂದರು!

ಇನ್ನೊಮ್ಮೆ ತುಮಕೂರಿನ ಬಟವಾಡಿಯಲ್ಲಿರುವ ತಮ್ಮ ಬಾಡಿಗೆ ಮನೆಯನ್ನೇ ಅಳೆದರು. ಮೊಬೈಲಿನಲ್ಲಿ ನೋಡಿದರೆ ಅರ್ಧ ರಸ್ತೆ, ಎದುರು ಮನೆಯ ಕಾಂಪೌಂಡು, ಎಲ್ಲವೂ ಇವರ ಅಡುಗೆಮನೆಗೇ ಸೇರಿಹೋಗಿದ್ದವು. "ನೋಡೇ ಇಲ್ಲಿ!" ಎಂದು ಅತ್ತೆಗೆ ತೋರಿಸಿದರು. ಅತ್ತೆ ಪೊರಕೆಯನ್ನು ಅವರ ಕೈಗಿಟ್ಟು, "ಹಂಗಾದ್ರೆ ನಾಳೆಯಿಂದ ಅರ್ಧ ರೋಡು ನೀವೇ ಗುಡಿಸಿ" ಎಂದರು.

ಇಲ್ಲಿಯವರೆಗೆ ನಮಗೆಲ್ಲ ನಗುವೇ. ಆದರೆ ಮಾವ ಹಾಗಲವಾಡಿಯ ಹೊಲ ಅಳೆದು ಬಂದ ದಿನ ನಗು ನಿಂತಿತು. ತಾತನ ನಾಲ್ಕು ಎಕರೆಯನ್ನು ಅಣ್ಣ ತಂಗಿಗೆ, ಅಂದರೆ ಮಾವನಿಗೂ ನಮ್ಮಮ್ಮನಿಗೂ, ಎರಡೆರಡು ಎಕರೆ ಹಂಚಿದ್ದರು. ನಡುವೆ ಒಂದು ಬದು. ಬಾವಿ ಇದ್ದ ಅರ್ಧ ಮಾವನಿಗೆ ಬಂತು, ಕಲ್ಲು ತುಂಬಿದ ಅರ್ಧ ಅಮ್ಮನಿಗೆ. ಅಮ್ಮ ತುಟಿಪಿಟಕ್ ಎನ್ನದೆ ಸಹಿ ಹಾಕಿದ್ದಳಂತೆ. ಈಗ ಮಾವನ ಮೊಬೈಲು ಅವರ ಪಾಲು ಎರಡು ಎಕರೆ ಒಂದು ಗುಂಟೆ ಎನ್ನುತ್ತಿತ್ತು!

ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡು ಖುಷಿಪಡುತ್ತಿದ್ದರು. ಇವರು ಬೆಳಗಾಗುವುದರೊಳಗೆ ಗುಬ್ಬಿಯ ನಮ್ಮ ಮನೆ ಬಾಗಿಲಲ್ಲಿ ಹಾಜರು.

"ನಿನ್ನ ಒಂದು ಗುಂಟೆ ನನ್ನ ಹೊಲದಲ್ಲಿ ಸೇರ್ಕೊಂಡೈತೆ ಕಣಮ್ಮ."

"ಇರ್ಲಿ ಬುಡಣ್ಣ. ಕಾಫಿ ಕುಡಿ."

"ಏನ್ ಇರ್ಲಿ? ತಂಗಿ ಭೂಮಿ ತಿಂದೋನು ಅನ್ನಿಸ್ಕೊಬೇಕಾ ನಾನು?"

ಆ ಕಾಫಿ ಆರಿತೇ ಹೊರತು ಮಾವ ಕೂರಲಿಲ್ಲ. ಆಮೇಲಿನ ದಿನಗಳಲ್ಲಿ ಆರು ಸಲ ಹಾಗಲವಾಡಿಗೆ ಹೋಗಿ ಬಂದರು. ಒಂದೊಂದು ಸಲ ಒಂದೊಂದು ಲೆಕ್ಕ, ಆದರೆ ಪ್ರತಿ ಸಲವೂ ಎರಡು ಎಕರೆಗಿಂತ ಜಾಸ್ತಿಯೇ! ಕೊನೆಗೆ ತಡೆಯಲಾರದೆ ಸರ್ವೆಯರನ್ನು ಕರೆಸಿದರು; ಅಮ್ಮನನ್ನೂ ನನ್ನನ್ನೂ ಹೊಲಕ್ಕೆ ಕರೆದುಕೊಂಡು ಹೋದರು.

ಸರ್ವೆಯರ್ ಹಳೆಯ ನಕ್ಷೆ ಬಿಡಿಸಿ, ಪೊದೆ ಸರಿಸಿ, ಮಣ್ಣು ಕೆದಕಿ ಮೂಲೆಮೂಲೆಯ ಗಡಿಕಲ್ಲು ಹುಡುಕಿದರು. ಟೇಪು ಎಳೆದರು, ಬರೆದರು, ಮತ್ತೆ ಎಳೆದರು. ಅಷ್ಟೂ ಹೊತ್ತು ಮಾವ ಬದುವಿನ ಮೇಲೆ ಅತ್ತಿಂದಿತ್ತ ಓಡಾಡುತ್ತಲೇ ಇದ್ದರು. ಕೊನೆಗೆ ಸರ್ವೆಯರ್ ಟೇಪು ಸುತ್ತಿಕೊಂಡು ಹೇಳಿದರು, "ಬದು ಕಲ್ಲಿಂದ ಕಲ್ಲಿಗೆ ಸರಿಯಾಗೈತೆ ಸಾರ್. ನಿಮ್ದು ಎರಡೆಕರೆ, ಅಮ್ಮಾವರದ್ದು ಎರಡೆಕರೆ."

"ಮತ್ತೆ ಇದು?" ಮಾವ ಮೊಬೈಲು ಚಾಚಿದರು.

ಸರ್ವೆಯರ್ ಪರದೆಯ ಮೇಲಿನ ಗೆರೆ ನೋಡಿದರು. "ಈ ಮೂಲೇಲಿ ಏನ್ ಮಾಡಿದ್ರಿ ಸಾರ್? ಗೆರೆ ಸುತ್ಕೊಂಡೈತೆ."

"ಅಲ್ಲಿ ಹುತ್ತ ಐತಲ್ಲ! ನಾಗಪ್ಪನ್ಗೆ ಮೂರು ಸುತ್ತು ಬರದೆ ಮುಂದಕ್ಕೆ ಹೋಗಕ್ಕಾಗುತ್ತಾ?"

"ಆ ಮೂರು ಸುತ್ತನ್ನೂ ಅದು ಜಮೀನಿಗೆ ಸೇರಿಸ್ಕೊಂಡೈತೆ. ಹುಣಸೆಮರದ ಕೆಳಗೂ ದಾರಿ ತಪ್ಪೈತೆ. ಮೊಬೈಲು ನೀವು ನಡೆದಿದ್ದನ್ನ ಅಳೆಯುತ್ತೆ ಸಾರ್, ನಾನು ಭೂಮಿ ಅಳೀತೀನಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಕ್ಕಕ್ಕೆ ತಿರುಗಿದರೆ, ಮಾವ ನಿಂತಿದ್ದರು. ಹೌದು, ನಿಂತಿದ್ದರು! ಕಣ್ಣು ತುಂಬಿಕೊಂಡಿತ್ತು.

"ಯಾಕ್ ಮಾವ? ನಿಮ್ಮದೇನೂ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ?"

"ಅದಕ್ಕೇ ಕಣ್ಲಾ" ಎಂದರು ಮೆಲ್ಲಗೆ. "ಅವತ್ತು ನಂಗೆ ಬಾವಿ ಬಿಟ್ಕೊಟ್ಟು ಕಲ್ಲುನೆಲ ತಗೊಂಡ್ಳು. ಹಂಗೇ ಕೊಡ್ತೀನಿ ಅಂದ್ರೆ ನಿಮ್ಮಮ್ಮ ತಗೊಳಲ್ಲ. ಲೆಕ್ಕ ತಪ್ಪೈತೆ ಅಂದ್ರಾದ್ರೂ ತಗೊಳ್ಳೋಳು."

ಇಷ್ಟು ದಿನ ಈ ಮನುಷ್ಯನನ್ನು ನೋಡಿ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಅಮ್ಮ ಬದುವಿನ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಸೆರಗು ಸಿಕ್ಕಿಸಿಕೊಂಡು ಬದು ದಾಟಿ ಬಂದಳು.

"ಆಯ್ತಣ್ಣ. ಬಾವಿ ಪಕ್ಕ ಒಂದು ಗುಂಟೆ ಕೊಡು. ಹೂವಿನ ಗಿಡ ಹಾಕ್ತೀನಿ."

ಸರ್ವೆಯರ್ ಉತ್ಸಾಹದಿಂದ, "ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ" ಎನ್ನುತ್ತಾ ಟೇಪು ಬಿಚ್ಚತೊಡಗಿದರು. ಅಮ್ಮ ಅವರ ಕೈ ತಡೆದಳು.

"ಬುಡಿ ಸಾರ್, ನಮ್ಮಣ್ಣನೇ ಮೊಬೈಲಲ್ಲಿ ಅಳೀಲಿ."